ಬೆಟ್ಟ ಹತ್ತುವ ಸದ್ದು

ಎತ್ತರ ಹೆಚ್ಚಿದಂತೆ ಶಬ್ದದ ತೀವ್ರತೆ ಕುಗ್ಗುತ್ತದೆಯೇ? ವಿದ್ಯಾರ್ಥಿಗಳ ವಿಜ್ಞಾನ ಯೋಜನೆಗೆ ಒದಗುವ ಸೊಗಸಾದ ಪ್ರಶ್ನೆಯಿದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಕ್ಕಳಿಗಂತೂ ನರಹರಿ ಪರ್ವತ, ಕಾರಿಂಜ, ಗಡಾಯಿಕಲ್ಲು, ಕೊಣಾಜೆಕಲ್ಲುಗಳೇ ಪ್ರಯೋಗಶಾಲೆ. ಆದರೆ ಪ್ರಶ್ನೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಸಪ್ಪೆಯಾದೀತು.

ಗಡಾಯಿಕಲ್ಲಿನ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕಡಲತಡಿಯದಕ್ಕಿಂತ ಶೇ. 5ರಷ್ಟು ಮಾತ್ರ ಕಡಿಮೆ. ಒಂದೇ ಗಂಟೆಯನ್ನು ಒಂದೇ ರಭಸದಿಂದ ಎರಡೂ ಕಡೆ ಬಾರಿಸಿದರೆ ಕಾಣುವ ವ್ಯತ್ಯಾಸ ಒಂದು ಡೆಸಿಬೆಲ್ಲಿನ ಐದನೆಯ ಒಂದು ಪಾಲು. ಅಗ್ಗದ ಶಬ್ದಮಾಪಕದ ದೋಷವೇ ಅದಕ್ಕಿಂತ ದೊಡ್ಡದು. ಬಯಲಿನಲ್ಲಿ ಗಂಟೆಯಿಂದ ನಮಗಿರುವ ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಇಳಿಯುತ್ತದೆ. ಅಳೆಯುವವರು ಒಂದು ಹೆಜ್ಜೆ ಹಿಂದೆ ಸರಿದರೂ ಎತ್ತರದ ಪರಿಣಾಮ ಅದರಲ್ಲಿ ಮುಳುಗಿಹೋಗುತ್ತದೆ.

ಆದುದರಿಂದ ಕಣಿವೆಯ ಸದ್ದು ಬೆಟ್ಟವನ್ನು ಹೇಗೆ ತಲುಪುತ್ತದೆ ಎಂದು ಕೇಳುವುದೇ ಮೇಲು. ಆಟದ ರಾತ್ರಿ ಚೆಂಡೆಯ ಪೆಟ್ಟು ಎರಡು ಗುಡ್ಡಗಳಾಚೆಗೂ ಕೇಳುವುದು ನಮ್ಮವರಿಗೆ ಹೊಸತಲ್ಲ. ನೆಲದ ಬಳಿಯ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿದ್ದಾಗ ಧ್ವನಿ ಕೆಳಕ್ಕೆ ಬಾಗಿ ದೂರ ಸಾಗುತ್ತದೆ. ಬಿಸಿಲೇರಿದ ಮೇಲೆ ಇದು ತಿರುವುಮುರುವು: ಧ್ವನಿ ಮೇಲಕ್ಕೆ ಬಾಗುತ್ತದೆ. ಆಗ ಹೆದ್ದಾರಿಯಿಂದ ಅರ್ಧ ಮೈಲಿ ದೂರದ ತೋಟದಲ್ಲಿ ಕೇಳದ ಲಾರಿಯ ಸದ್ದು ಅಷ್ಟೇ ದೂರದ ಗುಡ್ಡದ ನೆತ್ತಿಯಲ್ಲಿ ಸ್ಪಷ್ಟವಾಗಿ ಕೇಳಬಹುದು. ತಡೆಯಲು ಅಲ್ಲಿ ಮರವಿಲ್ಲ, ಮನೆಯಿಲ್ಲ.

ಗುಡ್ಡದ ಮೇಲಾದರೆ ನೆಮ್ಮದಿ ಎಂಬ ನಂಬಿಕೆಯಿಂದಲೇ ರಸ್ತೆ ಅಗಲೀಕರಣ, ಕಲ್ಲುಕೋರೆಗಳ ಚರ್ಚೆಯಲ್ಲಿ ನಾವು ಧೂಳಿನ ಬಗೆಗೆ ಆಡಿದಷ್ಟು ಸದ್ದಿನ ಬಗೆಗೆ ಆಡುವುದಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ಪ್ರದೇಶಗಳನ್ನು ಕೈಗಾರಿಕೆ, ವಾಣಿಜ್ಯ, ವಸತಿ, ನಿಶ್ಶಬ್ದ ವಲಯ ಎಂದು ನಾಲ್ಕಾಗಿ ವಿಂಗಡಿಸಿದವು. ವಸತಿಗೆ ಹಗಲು 55, ಇರುಳು 45 ಡೆಸಿಬೆಲ್ ಮಿತಿ. ಕಾಡಿಗಾಗಲಿ ತೋಟಕ್ಕಾಗಲಿ ಆ ಪಟ್ಟಿಯಲ್ಲಿ ಸ್ವಂತದ ಸಾಲೇ ಇರಲಿಲ್ಲ. ಕೂಗಿನಿಂದಲೇ ಸಂಗಾತಿಯನ್ನು ಹುಡುಕುವ ಕಪ್ಪೆಗೆ, ಕಿವಿಯಿಂದಲೇ ಬೇಟೆ ಹಿಡಿಯುವ ಗೂಬೆಗೆ ಎಷ್ಟು ಸದ್ದು ಸಹ್ಯವೆಂದು ಯಾರು ಕೇಳಬೇಕು?

ಮಕ್ಕಳ ಅಳತೆಗೆ ಬೆಲೆ ಬರುವುದು ಇಲ್ಲಿ. ಹೆದ್ದಾರಿ ಕಾಣುವ ನರಹರಿ ಪರ್ವತದಂಥ ಕಡೆ ಬುಡ, ನಡು, ನೆತ್ತಿಗಳಲ್ಲಿ ಒಂದೇ ಹೊತ್ತಿಗೆ, ಬೆಳಗ್ಗೆ, ಮಧ್ಯಾಹ್ನ ಮತ್ತು ಮುಸ್ಸಂಜೆ, ಒಂದೇ ಬಗೆಯ ಮಾಪಕಗಳಿಂದ ಅಳೆಯಲಿ. ಮೊದಲು ಮೂರನ್ನೂ ಒಂದೆಡೆ ಇಟ್ಟು ತಾಳೆ ನೋಡಲಿ. ಉಷ್ಣತೆ, ಗಾಳಿಯ ದಿಕ್ಕು, ರಸ್ತೆಗಿರುವ ದೂರವನ್ನೂ ಬರೆದಿಡಲಿ. ಜೀರುಂಡೆ ಕೂಗಿದ ಹೊತ್ತನ್ನು ಗುರುತಿಸದಿದ್ದರೆ ಅದರ ಲೆಕ್ಕವೂ ಲಾರಿಯ ತಲೆಗೇ ಬಿದ್ದೀತು. ಮಳೆಗಾಲದಲ್ಲಿ ಬಂಡೆ ಜಾರುವುದರಿಂದ ಕೆಲಸವನ್ನು ದೀಪಾವಳಿಯ ಗದ್ದಲ ಮುಗಿದ ಮೇಲೆ ಆರಂಭಿಸುವುದು ಒಳಿತು. ಹೊಸ ಕೋರೆಗೆ ಅರ್ಜಿ ಬೀಳುವ ಮೊದಲೇ ಇಂಥ ಒಂದು ವರ್ಷದ ಪುಸ್ತಕ ಪಂಚಾಯತಿನ ಕಪಾಟಿನಲ್ಲಿರಬೇಕು.