ಮೌನವನ್ನು ಸಮ್ಮತಿಯಾಗಿಸುವ ವ್ಯಾಪಾರ

ವಾರಪತ್ರಿಕೆಯೊಂದರ ಚಂದಾ ಅವಧಿ ಮುಗಿದಾಗ ಓದುಗನಿಗೆ ಒಂದು ಜ್ಞಾಪನಾ ಪತ್ರ ಹೋಗುತ್ತದೆ. ಆತ ಹಣ ಕಳುಹಿಸಿದರೆ ಪತ್ರಿಕೆ ಮುಂದುವರಿಯುತ್ತದೆ. ಸುಮ್ಮನಿದ್ದರೆ ನಿಂತುಬಿಡುತ್ತದೆ. ಓದುಗನ ಮೌನಕ್ಕೆ ಇಲ್ಲಿ 'ಬೇಡ' ಎಂಬ ಒಂದೇ ಅರ್ಥ. ಆದರೆ ಸಾಫ್ಟ್‌ವೇರ್ ಚಂದಾ ಈ ಅರ್ಥವನ್ನೇ ತಲೆಕೆಳಗು ಮಾಡಿದೆ. ಅಲ್ಲಿ ಸುಮ್ಮನಿದ್ದವನ ಖಾತೆಯಿಂದ ಹಣ ಕಡಿತವಾಗುತ್ತಲೇ ಇರುತ್ತದೆ. ಸೇರುವಾಗ ಒಂದೇ ಗುಂಡಿ ಒತ್ತಿದ್ದವನು, ಹೊರಬರಲು ಹತ್ತು ಪುಟಗಳನ್ನು ತಡಕಾಡಬೇಕು.

ವೀರಾಜಪೇಟೆ-ಸಿದ್ದಾಪುರ ರಸ್ತೆಯ ಅಮ್ಮತ್ತಿಯಂಥ ಊರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೇಳುವವರಿರಬಹುದು. ಸಂಬಂಧವಿದೆ. ಕಾಫಿಯ ಆದಾಯ ವರ್ಷಕ್ಕೊಮ್ಮೆ ಬರುವಂಥದ್ದು. ಕೊಯ್ಲು ಮುಗಿದು, ಕಾಫಿ ಮಾರಾಟವಾದ ಮೇಲೆ ಸಾಲ ತೀರಿಸುವುದು, ಮದುವೆ ನಿಶ್ಚಯಿಸುವುದು, ಮನೆ ರಿಪೇರಿ ಮಾಡಿಸುವುದು ಇಲ್ಲಿನ ಸಣ್ಣ ಬೆಳೆಗಾರನ ಲೆಕ್ಕಾಚಾರ. ಈಗ ಈ ವಾರ್ಷಿಕ ಆದಾಯದ ಮೇಲೆ ಮಾಸಿಕ ಕಡಿತಗಳು ಬಂದು ಕೂತಿವೆ. ಮೊಬೈಲಿನ ಫೋಟೋ ಸಂಗ್ರಹಕ್ಕೊಂದು, ಮಗಳ ಪಾಠದ ಆ್ಯಪ್‌ಗೊಂದು, ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗೊಂದು, ಕೆಟ್ಟು ಮೂಲೆ ಸೇರಿರುವ ಲ್ಯಾಪ್‌ಟಾಪಿನ ಆಂಟಿವೈರಸ್‌ಗೊಂದು. ಒಂದೊಂದೂ ಸಣ್ಣ ಮೊತ್ತ. ಸಣ್ಣದು ಎಂಬ ಕಾರಣಕ್ಕೇ ಯಾರೂ ವಿಚಾರಿಸುವುದಿಲ್ಲ.

ಇಂಥ ಊರಿನ ಒಂದು ಜಮಾಅತ್ ಸಮಿತಿಯನ್ನು ಕಲ್ಪಿಸಿಕೊಳ್ಳೋಣ. 2020ರಲ್ಲಿ ಕೋವಿಡ್‌ನಿಂದಾಗಿ ಮದ್ರಸ ಮುಚ್ಚಿದಾಗ, ಮಕ್ಕಳಿಗೆ ಪಾಠ ಮಾಡಲು ವೀಡಿಯೊ ಸಭೆಯ ಸಾಫ್ಟ್‌ವೇರ್‌ಗೆ ಚಂದಾದಾರರಾದರು. ಆಗ ಅದು ಅಗತ್ಯವಾಗಿತ್ತು. ಮದ್ರಸ ತೆರೆಯಿತು, ಮಕ್ಕಳು ಮರಳಿದರು, ಕಾರ್ಯದರ್ಶಿ ಬದಲಾದರು. ಚಂದಾ ಮಾತ್ರ ಬದಲಾಗಲಿಲ್ಲ. ನೋಂದಾಯಿಸಿದ್ದ ಇ-ಮೇಲ್ ಹಳೆಯ ಕಾರ್ಯದರ್ಶಿಯದ್ದು, ಅವರೀಗ ಗಲ್ಫ್‌ನಲ್ಲಿದ್ದಾರೆ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಲೆಕ್ಕಪತ್ರದಲ್ಲಿ ಅದು 'ಇತರೆ ಖರ್ಚು' ಎಂಬ ಸಾಲಿನಲ್ಲಿ ಅಡಗಿ ಕೂತಿದೆ. ತೋಟದ ಕಾರ್ಮಿಕನೊಬ್ಬ ತನ್ನ ಕೂಲಿಯಿಂದ ತೆಗೆದಿಟ್ಟು ಕೊಟ್ಟ ವಂತಿಗೆ, ಯಾರೂ ಬಳಸದ ಸೇವೆಗೆ ಹರಿದು ಹೋಗುತ್ತಿದೆ. ಇದು ಕೇವಲ ಮರೆವೇ? ವಂತಿಗೆಯ ಹಣ ಅಮಾನತ್ ಆಗಿರುವಾಗ ಮರೆವು ಎಂಬ ಸಮಜಾಯಿಷಿಗೆ ಎಷ್ಟು ಬೆಲೆಯಿದೆ?

ಮೌನವನ್ನು ಸಮ್ಮತಿಯೆಂದು ಪರಿಗಣಿಸುವ ಈ ವ್ಯಾಪಾರವನ್ನು ಇಸ್ಲಾಮಿನ ತಕ್ಕಡಿಯಲ್ಲಿಟ್ಟು ನೋಡಬೇಕಾಗಿದೆ. ಪರಸ್ಪರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಸೊತ್ತನ್ನು ತಿನ್ನುವುದನ್ನು ಪವಿತ್ರ ಕುರ್‌ಆನ್ ನಿಷೇಧಿಸಿದೆ. ಸುಮ್ಮನಿರುವವನ ಬಾಯಿಗೆ ಮಾತನ್ನು ಅಂಟಿಸಬಾರದು ಎಂಬುದು ಶಾಫಿಈ ಕರ್ಮಶಾಸ್ತ್ರದ ಪ್ರಸಿದ್ಧ ತತ್ವ. ಅಷ್ಟೇ ಅಲ್ಲ, ಖರೀದಿಯನ್ನು ರದ್ದುಪಡಿಸುವ ಹಕ್ಕಿಗೆ ನಮ್ಮ ವಿದ್ವಾಂಸರು 'ಖಿಯಾರ್' ಎಂಬ ಹೆಸರಿನಲ್ಲಿ ವಿಸ್ತಾರವಾದ ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ವ್ಯಾಪಾರದಲ್ಲಿ ಪದೇ ಪದೇ ಮೋಸಹೋಗುತ್ತಿದ್ದ ಅನುಚರರೊಬ್ಬರಿಗೆ, ವಂಚನೆ ಇರಕೂಡದು ಎಂದು ಮೊದಲೇ ಹೇಳಿಬಿಡುವಂತೆ ಪ್ರವಾದಿವರ್ಯರು(ಸ) ಕಲಿಸಿದ್ದರು. ಅವರಿಗೆ ಮೂರು ದಿನಗಳ ಅವಕಾಶ ನೀಡಿದ್ದೂ ವರದಿಯಾಗಿದೆ. ಇನ್ನು 'ಇಕಾಲ'ವಂತೂ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಖರೀದಿಸಿ ಪಶ್ಚಾತ್ತಾಪ ಪಡುವವನನ್ನು ಒಪ್ಪಂದದಿಂದ ಬಿಡುಗಡೆ ಮಾಡುವ ವ್ಯಾಪಾರಿಯ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಸುವಾರ್ತೆ ಹದೀಸ್‌ನಲ್ಲಿದೆ. ರದ್ದು ಮಾಡುವ ಗುಂಡಿಯನ್ನು ಬಚ್ಚಿಡುವ ಕಂಪೆನಿಗಳ ಕಾಲದಲ್ಲಿ, ಗಿರಾಕಿಯನ್ನು ಸರಾಗವಾಗಿ ಬಿಟ್ಟುಕೊಡುವುದೇ ಪುಣ್ಯವೆಂದು ಕಲಿಸಿದ ಧರ್ಮದ ಅನುಯಾಯಿಗಳು ಸುಮ್ಮನಿರುವುದು ವಿಚಿತ್ರವೇ ಸರಿ.

ಅಂದಹಾಗೆ, ಕಾನೂನು ಏನೂ ಇಲ್ಲವೆಂದಲ್ಲ. ಗ್ರಾಹಕನಿಗೆ 24 ಗಂಟೆ ಮುಂಚಿತವಾಗಿ ತಿಳಿಸದೆ ಕಾರ್ಡಿನಿಂದ ಸ್ವಯಂಚಾಲಿತ ಕಡಿತ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ರೂಪಿಸಿತು. 2021ರ ಅಕ್ಟೋಬರ್ 1ರಿಂದ ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಿತು. ಕೊಟ್ಟ ಅನುಮತಿಯನ್ನು ಯಾವಾಗ ಬೇಕಾದರೂ ಹಿಂಪಡೆಯುವ ಹಕ್ಕೂ ಅದರಲ್ಲಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು ಆನ್‌ಲೈನ್ ವ್ಯಾಪಾರದ 13 ಬಗೆಯ ಕುತಂತ್ರಗಳನ್ನು ಪಟ್ಟಿ ಮಾಡಿದೆ. ಚಂದಾದ ಬಲೆ ಅವುಗಳಲ್ಲೊಂದು. ರದ್ದತಿಯನ್ನು ಜಟಿಲಗೊಳಿಸುವುದು, ಅದರ ದಾರಿಯನ್ನು ಅಡಗಿಸುವುದು, ಉಚಿತ ಸೇವೆಗೂ ಹಣ ಪಾವತಿಯ ವಿವರಗಳನ್ನು ಬಲವಂತವಾಗಿ ಪಡೆಯುವುದು, ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ.

ಆದರೆ ಜಾರಿಗೊಳಿಸಿದ ರೀತಿ ನೋಡಿ. 2025ರ ಜೂನ್‌ನಲ್ಲಿ ಪ್ರಾಧಿಕಾರವು ಇ-ವಾಣಿಜ್ಯ ಕಂಪೆನಿಗಳಿಗೆ, ಮೂರು ತಿಂಗಳೊಳಗೆ ನಿಮ್ಮನ್ನು ನೀವೇ ಪರಿಶೀಲಿಸಿಕೊಳ್ಳಿ ಎಂದು ಸೂಚಿಸಿತು. ಅಮ್ಮತ್ತಿಯ ದಿನಸಿ ಅಂಗಡಿಯವನು ತನ್ನ ತಕ್ಕಡಿಯನ್ನು ತಾನೇ ಪರಿಶೀಲಿಸಿ ಸರಿಯಿದೆ ಎಂದು ಬರೆದುಕೊಟ್ಟರೆ ಕಾನೂನು ಮಾಪನ ಇಲಾಖೆ ಒಪ್ಪುತ್ತದೆಯೇ? ಆತನ ತಕ್ಕಡಿಗೆ ಸರಕಾರದ ಮುದ್ರೆ ಬೀಳಲೇಬೇಕು. ಬಡ ವ್ಯಾಪಾರಿಗೊಂದು ನ್ಯಾಯ, ಕೋಟಿಗಳ ಕಂಪೆನಿಗೊಂದು ನ್ಯಾಯ! ತೂಕದಲ್ಲಿ ವಂಚಿಸುವವರ ಹೆಸರಲ್ಲೇ ಒಂದು ಅಧ್ಯಾಯವಿರುವ ಗ್ರಂಥವನ್ನು ಓದುವವರು ಈ ತಾರತಮ್ಯವನ್ನು ಪ್ರಶ್ನಿಸಲೇಬೇಕು. ಜರ್ಮನಿಯಲ್ಲಿ 2022ರ ಜುಲೈಯಿಂದ, ಆನ್‌ಲೈನ್‌ನಲ್ಲಿ ಚಂದಾ ಮಾರುವ ಕಂಪೆನಿಗಳು ತಮ್ಮ ತಾಣದಲ್ಲಿ ರದ್ದತಿಯ ಗುಂಡಿಯನ್ನು ಸ್ಪಷ್ಟವಾಗಿ ಇಡಬೇಕೆಂಬ ಕಾನೂನಿದೆ. ಪ್ರೈಮ್ ಚಂದಾದ ವಿಷಯದಲ್ಲಿ ಅಮೆಜಾನ್ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವ್ಯಾಪಾರ ಆಯೋಗದೊಂದಿಗೆ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಇಲ್ಲೇಕೆ ಸಾಧ್ಯವಿಲ್ಲ?

ಪಾಠದ ಆ್ಯಪ್‌ಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಪೋಷಕರನ್ನು ಸಾಲದ ಒಪ್ಪಂದಗಳಿಗೆ ಸಿಲುಕಿಸಿ ಕೋರ್ಸು ಮಾರಲಾಗುತ್ತಿದೆ ಎಂಬ ಆರೋಪದ ಮೇಲೆ, ಬೆಂಗಳೂರಿನ ಬೈಜೂಸ್ ಸಂಸ್ಥೆಯ ಮುಖ್ಯಸ್ಥರಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಸಮನ್ಸ್ ಕಳುಹಿಸಿತ್ತು. 2024ರ ಜುಲೈಯಲ್ಲಿ ಸಂಸ್ಥೆಯೇ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಮಕ್ಕಳ ಶುಲ್ಕವೆಂದು ಸಹಿ ಹಾಕುವ ಕಾಗದ ಹಣಕಾಸು ಸಂಸ್ಥೆಯ ಸಾಲಪತ್ರವಾಗಿರಬಹುದು. ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ಕುಟುಂಬವೊಂದು, ಮಗು ಓದುವುದನ್ನು ನಿಲ್ಲಿಸಿದ ಮೇಲೂ ಕಂತು ಕಟ್ಟುತ್ತಾ ಕೂರುವ ಸ್ಥಿತಿ ಎಷ್ಟು ದಾರುಣ!

ಇಷ್ಟಕ್ಕೂ ತಪ್ಪೆಲ್ಲವೂ ಕಂಪೆನಿ ಮತ್ತು ಸರಕಾರಗಳದ್ದೇ? ಮದುವೆಯ ದುಂದುವೆಚ್ಚದ ಬಗ್ಗೆ ಜುಮಾ ಪ್ರವಚನಗಳಲ್ಲಿ ಧಾರಾಳ ಕೇಳುತ್ತೇವೆ. ಕಣ್ಣಿಗೆ ಕಾಣದ ಈ ಇಸ್ರಾಫ್‌ನ ಬಗ್ಗೆ ಯಾರೂ ಮಾತಾಡುವುದಿಲ್ಲ. ಆ್ಯಪ್ ಅಳಿಸಿದರೆ ಚಂದಾ ರದ್ದಾಯಿತೆಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ರದ್ದಾಗುವುದಿಲ್ಲ. ಆಂಡ್ರಾಯ್ಡ್ ಫೋನಿನ ಪ್ಲೇ ಸ್ಟೋರ್‌ನಲ್ಲಿ, ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಂದಾಗಳ ಪಟ್ಟಿಯೇ ಇದೆ. ಯುಪಿಐ ಆ್ಯಪ್‌ಗಳಲ್ಲಿ ಆಟೋ ಪೇ ಎಂಬ ವಿಭಾಗವಿದೆ. ಆದರೆ ಬ್ಯಾಂಕಿನ ಕಡಿತ ನಿಲ್ಲಿಸಿದ ಮಾತ್ರಕ್ಕೆ ಕಂಪೆನಿಯೊಂದಿಗಿನ ಒಪ್ಪಂದ ಮುಗಿಯಬೇಕೆಂದಿಲ್ಲ. ವರ್ಷದ ಒಪ್ಪಂದಕ್ಕೆ ತಿಂಗಳ ಕಂತು ಕಟ್ಟುತ್ತಿರುವವರು ಷರತ್ತನ್ನು ಓದಿಯೇ ಮುಂದುವರಿಯಬೇಕು. ಕಂಪೆನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಇದನ್ನು ಮಾಡಿಕೊಡಲು ಕಾಲೇಜು ಕಲಿತ ನಾಲ್ಕು ಯುವಕ-ಯುವತಿಯರು ಊರಲ್ಲಿದ್ದರೆ ಸಾಕು. ಒಂದು ರವಿವಾರ ಮದ್ರಸದ ಕೋಣೆಯಲ್ಲಿ ಕುಳಿತು, ಬಂದವರ ಫೋನ್‌ಗಳನ್ನು ಅವರೆದುರೇ ಪರಿಶೀಲಿಸಿ, ಬೇಡವಾದುದನ್ನು ಅವರ ಕೈಯಿಂದಲೇ ರದ್ದು ಮಾಡಿಸಬಹುದು. ಧರ್ಮ ಕೇಳಿ ಒಳಬಿಡಬೇಕಾದ ಕೆಲಸವೂ ಇದಲ್ಲ.

ಜಮಾಅತ್‌ಗಳಲ್ಲಿ ಹೊಸ ಸಮಿತಿಗೆ ಅಧಿಕಾರ ಹಸ್ತಾಂತರಿಸುವಾಗ ಬೀರುವಿನ ಕೀಲಿ, ರಶೀದಿ ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ ಕೈ ಬದಲಾಗುತ್ತವೆ. ಚಾಲ್ತಿಯಲ್ಲಿರುವ ಚಂದಾಗಳ ಪಟ್ಟಿ ಮತ್ತು ಅವುಗಳ ಪಾಸ್‌ವರ್ಡ್ ಕೂಡ ಅದರ ಜೊತೆಗಿರಬೇಕು. ಚಂದಾಗೆ ಕೊಡುವ ಇ-ಮೇಲ್ ಕಾರ್ಯದರ್ಶಿಯ ಸ್ವಂತದ್ದಾಗಿರದೆ ಜಮಾಅತ್‌ನದ್ದೇ ಆಗಿರಲಿ.