ದೊಡ್ಡವ್ವನ ಪದ ಯಾರ ಫೋನಲ್ಲೂ ಇಲ್ಲ

ಹೋದ ತಿಂಗ್ಳು ಮೈಸೂರಿಗೆ ದೊಡ್ಡವ್ವನ್ನ ನೋಡಕ್ಕೆ ಹೋಗಿದ್ದೆ. ಮರೆವಿನ ಕಾಯಿಲೆಯೋರನ್ನ ಇಟ್ಕೊಂಡು ನೋಡ್ಕೊಳೋ ಮನೇಲಿ ಅವ್ಳಿಗೆ ಎರಡು ವರ್ಸ ಆಯ್ತು. ನಾನ್ಯಾರು ಅಂತ ಗೊತ್ತಾಗ್ನಿಲ್ಲ. ಊಟ, ಬಟ್ಟೆ ಎಲ್ಲಾ ಚೆನ್ನಾಗದೆ, ಸುಳ್ಳು ಹೇಳಬಾರ್ದು. ಆದ್ರೆ ಹಾಲಲ್ಲಿ ಬೆಳಿಗ್ಗೆಯಿಂದ ಸಂಜೆಗಂಟ ಅದೇ ಒಂದು ಭಜನೆ. ಎಲ್ರಿಗೂ ಅದೇ. ದೊಡ್ಡವ್ವ ಗೋಡೆ ಕಡೆ ತಿರುಗಿ ಕೂತಿದ್ಲು.

ಅವ್ಳು ಕೆ.ಆರ್. ನಗರದ ಕಡೆ ಗದ್ದೇಲಿ ನಾಟಿ ಹಾಕ್ಕೊಂಡು ಬೆಳೆದ ಹೆಣ್ಮಗಳು ಕಣ್ರಮ್ಮ. ನಮ್ಮವ್ವ ಹೇಳ್ತಿದ್ದ ನಾಟಿ ಪದ ಒಂದನ್ನ ಕಿವಿ ಹತ್ರ ಮೆಲ್ಲಗೆ ಅಂದೆ. ಎರಡನೇ ಸಾಲಿಗೆ ಅವ್ಳ ದನಿ ಸೇರ್ಕೊಂಡ್ತು. ಬೆರಳು ಪೈರು ಬಿಡಿಸ್ದಂಗೆ ಆಡ್ತು. ಆಮೇಲೆ ಕೇಳುದ್ಲು, "ಮಳೆ ಬಂದದಾ?"

ಅಮೆರಿಕಾದಲ್ಲಿ ಡ್ಯಾನ್ ಕೋಹೆನ್ ಅನ್ನೋರು 2006ರಲ್ಲೇ ಇಂಥ ಮನೆಗಳಲ್ಲಿ ಒಬ್ಬೊಬ್ಬರಿಗೂ ಅವರವರದೇ ಹಾಡನ್ನ ಐಪಾಡಿಗೆ ತುಂಬಿ ಕೊಡಕ್ಕೆ ಶುರು ಮಾಡುದ್ರು. 2014ರಲ್ಲಿ ಬಂದ 'ಅಲೈವ್ ಇನ್‌ಸೈಡ್' ಅನ್ನೋ ಸಾಕ್ಷ್ಯಚಿತ್ರದಲ್ಲಿ ಅದನ್ನ ನೋಡ್ಬೋದು. ಕಾಯಿಲೆ ವಾಸಿ ಆಗಲ್ಲ. ದೊಡ್ಡ ಪರೀಕ್ಷೆ ಮಾಡ್ದಾಗ ಎಲ್ಲಾ ಕಡೆ ಒಂದೇ ಫಲವೂ ಸಿಕ್ಕಿಲ್ಲ. ಆದ್ರೂ ಹರೇದಲ್ಲಿ ಕಲ್ತ ಹಾಡು ತುಂಬಾ ದಿನ ಉಳ್ಕೊಳತ್ತೆ, ನಿನ್ನೆ ತಿಂದ ಉಪ್ಪಿಟ್ಟು ಮರೆತೋದ್ರೂವೆ.

ಅಲ್ಲಿ ಕೆಲ್ಸ ಮಾಡೋ ಹುಡ್ಗೀರ್ನ ಬೈಯ್ಯಕ್ಕಾಗಲ್ಲ. ಸೇರ್ಸೋವಾಗ ಫಾರಂನಲ್ಲಿ ಶುಗರ್, ಬಿಪಿ, ಮಾತ್ರೆ ಎಲ್ಲಾ ಬರೆಸುದ್ವಿ. ಯಾವ ಪದ ಇಷ್ಟ ಅಂತ ಅವ್ರೂ ಕೇಳ್ನಿಲ್ಲ, ನಾವೂ ಹೇಳ್ನಿಲ್ಲ. ಪಕ್ಕದ ಮಂಚದಮ್ಮಂಗೆ ಸುಲಭ, ಅವ್ರಿಗೆ 1960ರ 'ಭಕ್ತ ಕನಕದಾಸ'ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿರೋವು ಅಂದ್ರೆ ಪ್ರಾಣ. ಫೋನಲ್ಲಿ ಒತ್ತುದ್ರೆ ಬರ್ತವೆ. ನಮ್ಮ ದೊಡ್ಡವ್ವನ ಪದ ಎಲ್ಲಿ ಒತ್ತುದ್ರೂ ಬರಲ್ಲ. ಹೇಳ್ತಿದ್ದ ನಮ್ಮವ್ವ ಈಗಿಲ್ಲ.

ಅದಕ್ಕೇ ಗಾವಡಗೆರೆಗೆ ಬಂದು ಚಿಕ್ಕವ್ವನ್ನ ಜಗುಲಿ ಮೇಲೆ ಕೂರಿಸ್ಕೊಂಡು ನಾಲ್ಕು ಪದ ರೆಕಾರ್ಡ್ ಮಾಡ್ದೆ. ಮಧ್ಯ ಕೋಳಿ ಕೂಗದೆ, ಇರ್ಲಿ. ನರ್ಸಮ್ಮಂಗೆ ಕೊಟ್ಟು, ಸ್ನಾನಕ್ಕೆ ಮುಂಚೆ ಹಾಕಿ, ಸಣ್ಣ ದನೀಲಿ, ಅಂದೆ. ಹೆಣ್ಣೊಪ್ಪಿಸೋ ಪದ ಮಾತ್ರ ತೆಗೆಸ್ದೆ, ಅದ ಕೇಳಿ ಬಿಕ್ಕಿ ಬಿಕ್ಕಿ ಅತ್ಲು.

ನಿಮ್ಮನೇಲೂ ಅತ್ತೆ, ಅವ್ವ ಇನ್ನೂ ಸರಿಯಾಗಿರೋವಾಗ್ಲೇ ಕೇಳಿ ಇಟ್ಕೊಳಿ. ನಾಲ್ಕನೇ ಪದದ ಮೂರನೇ ಸಾಲು ಚಿಕ್ಕವ್ವಂಗೂ ಮರೆತೋಗದೆ. ಕೆ.ಆರ್. ನಗರದ ಕಡೆಯೋರು ಯಾರಾದ್ರೂ ಇದ್ರೆ ನಂಗೊಂದು ಫೋನ್ ಮಾಡಿ, ರಾಗ ಹೇಳ್ತೀನಿ.