ತೂಕವಿಳಿಸುವ ಚುಚ್ಚುಮದ್ದು: ತಿಳಿದು ಬಳಸೋಣ

ಮದುವೆ ನಿಶ್ಚಯವಾದ ಮಗಳು ಮುಹೂರ್ತದೊಳಗೆ ತೆಳ್ಳಗಾಗಲೆಂದು ಚುಚ್ಚುಮದ್ದು ಕೊಡಿಸುವ ಯೋಚನೆ ತಾಯಂದಿರಿಗೆ ಬರುವುದುಂಟು. ಅದಕ್ಕೆ ಮುನ್ನ ಈ ಔಷಧಿಗಳ ಕಾರ್ಯವನ್ನು ಅರಿಯುವುದು ಅವಶ್ಯ.

ಇವು ಕೊಬ್ಬನ್ನು ನೇರವಾಗಿ ಕರಗಿಸುತ್ತವೆಂಬ ಭಾವನೆ ಸರಿಯಲ್ಲ. ಉಂಡಾಗ ನಮ್ಮ ಕರುಳಿನಲ್ಲಿ ಜಿ.ಎಲ್.ಪಿ.-1 ಎಂಬ ಹಾರ್ಮೋನು ಸ್ರವಿಸುತ್ತದೆ. ಅದು ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಸ್ರವಿಸಲು ನೆರವಾಗುತ್ತದೆ. ಜಠರದಿಂದ ಆಹಾರ ಮುಂದೆ ಸಾಗುವುದನ್ನು ನಿಧಾನಗೊಳಿಸುತ್ತದೆ. ಮಿದುಳಿಗೆ 'ಸಾಕು' ಎಂದು ತಿಳಿಸುತ್ತದೆ. ಸಹಜ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಅದನ್ನು ಹೋಲುವ ಲಿರಾಗ್ಲುಟೈಡನ್ನು ದಿನಕ್ಕೊಮ್ಮೆ, ಸೆಮಾಗ್ಲುಟೈಡನ್ನು ವಾರಕ್ಕೊಮ್ಮೆ ಚುಚ್ಚಿಕೊಳ್ಳಬೇಕು. ಟಿರ್ಜೆಪಟೈಡ್ ಕೂಡ ವಾರಕ್ಕೊಮ್ಮೆಯದೇ. ಆದರೆ ಅದು ಜಿ.ಐ.ಪಿ. ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಕೊನೆಯ ಎರಡನ್ನು ನೇರವಾಗಿ ಹೋಲಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. 72 ವಾರಗಳಲ್ಲಿ ಟಿರ್ಜೆಪಟೈಡ್ ಪಡೆದವರ ತೂಕ ಸರಾಸರಿ ಶೇ. 20.2ರಷ್ಟು, ಸೆಮಾಗ್ಲುಟೈಡ್ ಪಡೆದವರ ತೂಕ ಶೇ. 13.7ರಷ್ಟು ಇಳಿದಿತ್ತು.

ಆದರೆ ತೂಕ ಇಳಿದಂತೆ, ವಿಶ್ರಾಂತಿಯಲ್ಲಿ ದೇಹ ವ್ಯಯಿಸುವ ಶಕ್ತಿಯೂ ತಗ್ಗುತ್ತದೆ. ಮದ್ದು ನಿಲ್ಲಿಸಿದೊಡನೆ ಹಸಿವು ಮರಳುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದಿದ್ದ ತೂಕದ ಮೂರನೆಯ ಎರಡು ಭಾಗ ಮರಳಿ ಸೇರಿತ್ತು. ಆದ್ದರಿಂದ ಇದು ರಕ್ತದೊತ್ತಡದ ಮಾತ್ರೆಯಂತೆ ದೀರ್ಘಕಾಲದ ಚಿಕಿತ್ಸೆಯೇ ಹೊರತು ನಾಲ್ಕು ತಿಂಗಳ ಉಪಾಯವಲ್ಲ. ತೂಕವಿಳಿಸಲು ನೀಡುವ ಸೆಮಾಗ್ಲುಟೈಡನ್ನು 0.25 ಮಿ.ಗ್ರಾಂ.ನಿಂದ ಆರಂಭಿಸಿ 2.4 ಮಿ.ಗ್ರಾಂ.ಗೆ ಏರಿಸಲು ಸಾಮಾನ್ಯವಾಗಿ 16 ವಾರಗಳೇ ಬೇಕು.

ನವವಧುವಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಗರ್ಭಿಣಿಯರು ಈ ಮದ್ದುಗಳನ್ನು ಬಳಸಬಾರದು. ಮಗುವನ್ನು ಬಯಸುವವರು ಸೆಮಾಗ್ಲುಟೈಡನ್ನು ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಗಳ ಪರಿಣಾಮವನ್ನು ಕುಗ್ಗಿಸಬಲ್ಲದು.

ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ ತೊಂದರೆಗಳು. ಪಿತ್ತಕೋಶದ ಕಲ್ಲು, ಮೇದೋಜೀರಕಾಂಗದ ಉರಿಯೂತ ಅಪರೂಪವಾದರೂ ಅಪಾಯಕರ. ಮನೆತನದಲ್ಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯಿಡ್ ಕ್ಯಾನ್ಸರ್ ಇದ್ದರೆ ಇವು ಸಲ್ಲವು.

ಸ್ಥೂಲಕಾಯದ ಜೊತೆಗೆ ಮಧುಮೇಹ, ಹೃದ್ರೋಗಗಳಿಂದ ಬಳಲುವವರಿಗೆ ಇವು ನಿಜವಾದ ನೆರವು. ಅಂಥವರು ಸಂಕೋಚಪಡದೆ ವೈದ್ಯರನ್ನು ಕಾಣಬೇಕು. ಕೊಬ್ಬಿನೊಡನೆ ಸ್ನಾಯುವೂ ಕರಗುವುದರಿಂದ ಊಟ ಕಡಿಮೆಯಾದರೂ ಬೇಳೆ, ಮೊಳಕೆಕಾಳು, ಮೊಸರು ತಪ್ಪಬಾರದು. ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ನಿತ್ಯದ ಕ್ರಮವಾಗಬೇಕು. ನೆಂಟರು ಬಳಸಿದರೆಂದು ತಾವೂ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವುದು ಸರ್ವಥಾ ಸಲ್ಲದು.